ಗುಡ್ಡದ ಮೇಲೊಂದು ಹುಬ್ಬಳ್ಳಿ

ಕುರಿಹಾಸದ ಗುಡ್ಡದ ಮೇಲೆ ಹುಬ್ಬಳ್ಳಿ ಬೆಳೆಯುತ್ತಿತ್ತು.

ಹಾಗೆಂದು ಮೊದಲು ಸುಳಿವು ಕೊಟ್ಟದ್ದು ಮರುನೆಲ ಕೇಂದ್ರದ ನಿಯಂತ್ರಣ ಕೋಣೆಯ ಗೋಡೆಯಗಲದ ಪರದೆ. ಉಪಗ್ರಹದಿಂದ ಬಂದ ಚಿತ್ರದಲ್ಲಿ ಕೇಂದ್ರದವರು ಬೆಳೆಸಿದ ಹಸಿರೆಲ್ಲ ಕೇಸರಿ ಬಣ್ಣದಲ್ಲಿ ಕಾಣುತ್ತಿತ್ತು; ಉಳಿದ ಕಾಡು, ಹೊಲ, ಹುಲ್ಲು ಎಲ್ಲವೂ ಬೂದು. ಹುಬ್ಬಳ್ಳಿ ನಗರದ ತುಂಬ ಕೇಸರಿ ಚೆಲ್ಲಿತ್ತು, ಅದು ಸರಿಯೇ. ಆದರೆ ಅಲ್ಲಿಂದ ಮೂರು ತಾಸಿನ ದಾರಿಯಾಚೆ, ಕುರಿಗಾರರು ಬಿಟ್ಟರೆ ಯಾರೂ ಹತ್ತದ ಹುಲ್ಲುಗುಡ್ಡದ ನೆತ್ತಿಯಲ್ಲಿ, ಸಾಸಿವೆಯಷ್ಟು ಒಂದು ಕೇಸರಿ ಚುಕ್ಕೆ ಇತ್ತು. ಕೇಂದ್ರದ ಮಣ್ಣಿನ ವಿಜ್ಞಾನಿ ಡಾ. ಇಂದುಮತಿ ಕಬ್ಬೂರ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಚುಕ್ಕೆ ಅಲ್ಲೇ ಇತ್ತು.

ಈ ಕೇಸರಿ ಏನೆಂದು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಿಸಿಲಿನ ಆ ಕೆಟ್ಟ ವರ್ಷಗಳಲ್ಲಿ ನಗರಗಳ ನೆಲ ಸತ್ತುಹೋಗಿತ್ತು. ಸಿಮೆಂಟು ಒಡೆದು ತೆಗೆದರೆ ಕೆಳಗೆ ಸಿಗುತ್ತಿದ್ದುದು ಬರೀ ಪುಡಿ. ಮಂತ್ರಿಗಳು ಬಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಅವರ ಕೊರಳಿನ ಹಾರ ಬಾಡುವ ಮೊದಲೇ ಸಸಿ ಬಾಡುತ್ತಿತ್ತು. ಆಗ ಕೇಂದ್ರದವರಿಗೆ ಹೊಳೆದದ್ದು ಅಡುಗೆಮನೆಯ ಉಪಾಯ: ಹಾಲಿಗೆ ಹೆಪ್ಪು ಹಾಕುವ ಹಾಗೆ ನೆಲಕ್ಕೂ ಹೆಪ್ಪು ಹಾಕಿದರೆ? ಮನುಷ್ಯರ ಕೈಯಾಡದ ಜಾಗದಿಂದ ಕೆಲವು ಹಿಡಿ ಮಣ್ಣು ತರುವುದು, ಅದರೊಳಗಿನ ಕಣ್ಣಿಗೆ ಕಾಣದ ಜೀವರಾಶಿಯನ್ನು ಬೆಚ್ಚಗಿನ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುವುದು, ಸತ್ತ ನೆಲದ ಮೇಲೆ ಸುರಿಯುವುದು. ನೆಲ ಜೀವ ಹಿಡಿಯುತ್ತಿತ್ತು, ಆದರೆ ತೀರಾ ನಿಧಾನಕ್ಕೆ. ಅದಕ್ಕೇ ನಾಲ್ಕನೆಯ ವರ್ಷ ಒಂದು ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ತಿದ್ದಿ ಹೆಪ್ಪಿಗೆ ಸೇರಿಸಿದರು. ಅದರ ಶಾಸ್ತ್ರೀಯ ಹೆಸರು ಉದ್ದವಿದೆ; ಎಲ್ಲರೂ ‘ದಾರ’ ಎನ್ನುತ್ತಿದ್ದರು. ಮಣ್ಣೊಳಗೆ ಹರಿದಾಡಿ ಬೇರಿಗೆ ಬೇರು ಹೊಲಿದು, ನೀರನ್ನು ಇದ್ದಲ್ಲಿಂದ ಇಲ್ಲದಲ್ಲಿಗೆ ಸಾಗಿಸುವುದು ಅದರ ಕಸಬು. ದಾರ ಬಂದ ಮೇಲೆ ಎರಡು ಮಳೆಗಾಲದೊಳಗೆ ಖಾಲಿ ಜಾಗ ತೋಪಾಗತೊಡಗಿತು.

ಹುಬ್ಬಳ್ಳಿಯವರು ಮೊದಮೊದಲು ಗೊಣಗಿದರು. ಹಳೆಯ ಗಿರಣಿಯ ಜಾಗದಲ್ಲಿ ತೋಪು ಎದ್ದಾಗ ಪಕ್ಕದ ಚಾಳಿನವರು ಚೇಳಿಗೆ ಹೆದರಿ ಚಪ್ಪಲಿಗಳನ್ನು ಮೊಳೆಗೆ ತೂಗುಹಾಕತೊಡಗಿದರು. ನವಿಲೊಂದು ಗಿರಮಿಟ್ಟಿನ ಗಾಡಿಯ ಚುರಮರಿಗೆ ದಿನಾ ಬಾಯಿ ಹಾಕುತ್ತಿತ್ತು. ಗಾಡಿಯವನು ಬೈದು ಬೈದು ಸಾಕಾಗಿ ಅದಕ್ಕೊಂದು ಪಾಲು ತೆಗೆದಿಡಲು ಶುರುಮಾಡಿದ. ಆಮೇಲೆ ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸಿ ಕಿಟಕಿ ತೆಗೆದು ಮಲಗುವ ಸುಖ ಹತ್ತಿತು ನೋಡಿ, ಗೊಣಗಾಟ ನಿಂತೇಹೋಯಿತು. ನಮ್ಮ ಓಣಿಗೂ ಹೆಪ್ಪು ಹಾಕಿಕೊಡಿ ಎಂದು ಕೇಂದ್ರದ ಬಾಗಿಲಿಗೆ ಬಂದು ಜಗಳ ತೆಗೆಯುವವರು ಹೆಚ್ಚಿದರು.

ದಾರಕ್ಕೆ ಒಂದೇ ದುರ್ಗುಣ. ಸತ್ತ ನೆಲದಲ್ಲಿ ಅದು ಒಳ್ಳೆಯ ಆಳು, ಜೀವವಿರುವ ನೆಲದಲ್ಲಿ ಗೂಂಡಾ. ಮೊದಲಿನಿಂದ ಅಲ್ಲಿದ್ದ ಬೇರು ಬೂಷ್ಟುಗಳನ್ನೆಲ್ಲ ಒಕ್ಕಲೆಬ್ಬಿಸಿ ತನಗೆ ಬೇಕಾದ ನಾಲ್ಕಾರು ಗಿಡಗಳನ್ನಷ್ಟೇ ಸಾಕುತ್ತದೆ. ಆದ್ದರಿಂದ ಅದು ನಗರದ ಗಡಿ ದಾಟಿ ನೆಲಕ್ಕೆ ಬೀಳಕೂಡದು ಎಂಬುದು ಕೇಂದ್ರದ ಮೊದಲ ನಿಯಮ. ಆ ನಿಯಮ ಬರೆದ ಸಮಿತಿಯಲ್ಲಿ ಇಂದುಮತಿಯೂ ಇದ್ದಳು.

ಹೆಪ್ಪಿನಿಂದ ಹೆಪ್ಪು ಮಾಡುತ್ತ ಹೋದರೆ ಮೊಸರು ಕೆಡುವಂತೆ ಇದೂ ಕೆಡುತ್ತದೆ. ಹಾಗಾಗಿ ಪ್ರತಿ ಹಂಗಾಮಿಗೂ ಹೊಸ ಜಾಗದ ಮಣ್ಣು ಬೇಕು. ಅದನ್ನು ತರುವ ಕೆಲಸ ಇಂದುಮತಿಯದು, ಜೊತೆಗೆ ಸಸ್ಯತಜ್ಞ ಫಕೀರಪ್ಪ ಮೆಣಸಿನಕಾಯಿಯದು. ಅಡ್ಡಹೆಸರು ಮೆಣಸಿನಕಾಯಿ, ಮನುಷ್ಯ ಮಾತ್ರ ಬೆಲ್ಲದಚ್ಚು. ಹನ್ನೊಂದು ವರ್ಷ ಇಬ್ಬರೂ ಒಂದೇ ವ್ಯಾನಿನಲ್ಲಿ ತಿರುಗಿದ್ದರು. ಕರಾವಳಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಘಟ್ಟದ ಮೇಲಿನ ಮಂಜಿನ ಕಣಿವೆಗಳು, ಹೊಳೆಯ ನಡುಗಡ್ಡೆ, ಕುರಿಹಾಸದ ಹುಲ್ಲುಗುಡ್ಡ. ಹೊಸ ಊರು ಕಂಡರೆ ಇಂದುಮತಿಗೆ ಮಗುವಿನಷ್ಟು ಸಂತೋಷ. ಫಕೀರಪ್ಪ ವ್ಯಾನು ನಿಲ್ಲಿಸಿ, ಮಣ್ಣು ತೆಗೆಯುವ ಜಾಗದ ಪಕ್ಕದ ಗಿಡಕ್ಕೆ ಕೆಂಪು ಪಟ್ಟಿ ಕಟ್ಟಿ, ಗುಣಿ ತೋಡಿಕೊಡುತ್ತಿದ್ದ. ಅವಳು ಮೊಣಕಾಲೂರಿ ಕೂತು ಬಟ್ಟೆಯ ಚೀಲಕ್ಕೆ ಐದು ಹಿಡಿ ಮಣ್ಣು ತುಂಬಿಕೊಳ್ಳುತ್ತಿದ್ದಳು.

“ನೋಡ್ರಿ, ಗುಡ್ಡದವ್ವ ನಮ್ಮ ಅಕ್ಕಾರಿಗೆ ಉಡಿ ತುಂಬಿದಳು,” ಎಂದು ಅವನು ಪ್ರತಿ ಸಲ ನಗುತ್ತಿದ್ದ. ವಯಸ್ಸಿನಲ್ಲಿ ಒಂದೆರಡು ವರ್ಷ ಚಿಕ್ಕವನು, ಅವಳನ್ನು ಕರೆಯುತ್ತಿದ್ದುದೇ ಅಕ್ಕಾರ ಎಂದು. ಆಮೇಲೆ ಇಬ್ಬರೂ ಅವನ ಹೆಂಡತಿ ಗಂಗವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚುತ್ತಿದ್ದರು.

ಚುಕ್ಕೆ ಕಂಡ ದಿನ ಅವಳು ಅಲ್ಲಿಯವರೆಗೆ ಯಾರೂ ಬಿಡಿಸಿ ನೋಡದಿದ್ದ, ನಗರದಾಚೆಯ ಹಳೆಯ ಚಿತ್ರಗಳನ್ನೆಲ್ಲ ಪರದೆಗೆ ತರಿಸಿದಳು. ನಡುಗಡ್ಡೆಯಲ್ಲಿ ಒಂದು ಚುಕ್ಕೆ. ಘಟ್ಟದ ಕಣಿವೆಗಳಲ್ಲಿ ಮೂರು. ಕಾಂಡ್ಲಾ ಕಾಡಿನ ಅಂಚಿನಲ್ಲಿ ಇನ್ನೊಂದು, ಅದು ಕುಂಬಳಕಾಯಿಯಷ್ಟು ಊದಿಕೊಂಡಿತ್ತು. ನಾಲ್ಕನೆಯ ವರ್ಷದಿಂದೀಚೆಗೆ ಅವರಿಬ್ಬರು ಹೋದಲ್ಲೆಲ್ಲ ಕೇಸರಿ ಇತ್ತು, ಹೋಗದಿದ್ದಲ್ಲಿ ಎಲ್ಲೂ ಇರಲಿಲ್ಲ.

ತನ್ನ ವಿಷಯ ಅವಳಿಗೆ ಗೊತ್ತಿತ್ತು. ಹಾಗಾದರೆ ಉಳಿದವನು ಒಬ್ಬನೇ.

ಸಂಶಯ ಒಮ್ಮೆ ಒಳಗೆ ಬಂತೆಂದರೆ ಅದಕ್ಕೆ ಬೇಕಾದ ಊಟ ಎಲ್ಲ ಕಡೆ ಸಿಗುತ್ತದೆ. ಎರಡು ವರ್ಷದ ಹಿಂದೆ ಕುರಿಹಾಸದ ನೆತ್ತಿಯಲ್ಲಿ ನಿಂತು ಫಕೀರಪ್ಪ ಅಂದ ಮಾತು ಈಗ ಅವಳಿಗೆ ನೆನಪಾಯಿತು. “ಹುಬ್ಬಳ್ಳಿ ಎಷ್ಟ ಚಂದ ಹಸರ ಆಗೇದ. ಈ ಗುಡ್ಡ ನೋಡ್ರಿ, ಜವಳ ತಗಿಸಿಕೊಂಡ ಕೂಸಿನಂಗ ಕುಂತದ. ಇದಕ್ಕೂ ಒಂದೀಟು ನೆರಳ ಬ್ಯಾಡೇನ್ರಿ, ಅಕ್ಕಾರ?” ಅಂದು ನಕ್ಕು ಮರೆತ ಮಾತು. ಕೆಲಸ ಮುಗಿದ ಮೇಲೆ ಸಲಿಕೆ ತೊಳೆಯುವ ನೆಪದಲ್ಲಿ ಅವನು ಯಾವಾಗಲೂ ಹಿಂದೆ ಉಳಿಯುತ್ತಿದ್ದನಲ್ಲ? ತೊಳೆಯಲು ಅಷ್ಟು ಹೊತ್ತು ಬೇಕೆ? ವ್ಯಾನಿನಲ್ಲಿ ಬರುವಾಗ ಅವನು ತೋಪಿನ ಮೇಲೆ ಕಟ್ಟಿದ ಹಾಡೊಂದನ್ನು ಗುನುಗುತ್ತಿದ್ದುದು ಕೂಡ ಅವಳಿಗೆ ಈಗ ಬೇರೆಯೇ ಕೇಳಿಸತೊಡಗಿತು.

ಮರುದಿನ ಅವಳು ಅವನಿಗೆ ಹೇಳದೆ ಕುರಿಹಾಸಕ್ಕೆ ಹೋದಳು. ಗುಡ್ಡ ಹತ್ತುವಾಗ ಮೊದಲಿನಂತೆ ಸೊಂಟದೆತ್ತರದ ಹುಲ್ಲು, ಹುಲ್ಲಿನೊಳಗಿಂದ ಎದ್ದು ಹಾರುವ ನೆಲಗುಬ್ಬಿಗಳು. ನೆತ್ತಿಗೆ ಬಂದಾಗ ಅವಳಿಗೆ ಗಿರಣಿ ಚಾಳಿನ ತೋಪಿಗೆ ಬಂದಂತಾಯಿತು. ಅದೇ ಹೊಂಗೆ, ಅದೇ ಬಸರಿ, ಅದೇ ಬಳ್ಳಿ. ಹುಬ್ಬಳ್ಳಿಯಿಂದ ಎತ್ತಿ ತಂದು ಇಟ್ಟ ಹಾಗೆ ರಾಶಿ ಮಾಡುವ ಕಣದಷ್ಟು ಜಾಗ. ಅಂಚಿನ ಹುಲ್ಲು ಹಳದಿಯಾಗಿ ನೆಲಕ್ಕೊರಗಿತ್ತು. ಅಲ್ಲೊಂದು ಗುಬ್ಬಿ ಒಣಗಿದ ಹುಲ್ಲಿನಲ್ಲಿ ಗೂಡಿದ್ದ ಜಾಗವನ್ನು ಹುಡುಕುತ್ತ ಕುಪ್ಪಳಿಸುತ್ತಿತ್ತು. ಇಂದುಮತಿಗೆ ಅಳು ಬಂತು.

ಚೀಲದಿಂದ ಪತ್ತೆಯಂತ್ರ ತೆಗೆದು ಮಣ್ಣಿಗೆ ಊರಿದಳು. ಪ್ರತಿ ಹಂಗಾಮಿನ ದಾರಕ್ಕೂ ಬೇರೆ ಬೇರೆ ಗುರುತು ಇಟ್ಟಿರುತ್ತಾರೆ. ಯಂತ್ರ ಆ ಗುರುತನ್ನು ಓದುತ್ತದೆ. ಓದಿತು. ಎರಡು ವರ್ಷದ ಹಿಂದಿನ ಹಂಗಾಮು, ಅವರು ಇಲ್ಲಿಗೆ ಬಂದದ್ದೂ ಅದೇ ಹಂಗಾಮಿನಲ್ಲಿ. ಗಾಳಿ ಹೊತ್ತು ತಂದದ್ದಾದರೆ ಹಲವು ಹಂಗಾಮುಗಳು ಬೆರೆತಿರಬೇಕಿತ್ತು. ಇದು ಕೈಯಲ್ಲಿ ತಂದು ಹಾಕಿದ್ದು. ತೋಪಿನ ನಟ್ಟನಡುವಿನ ಜಾಲಿಯ ಕೊಂಬೆಯಲ್ಲಿ ಮಾಸಿದ ಕೆಂಪು ಪಟ್ಟಿಯೊಂದು ನೇತಾಡುತ್ತಿತ್ತು. ಫಕೀರಪ್ಪನ ಗಂಟು, ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಸೇರಿಸುವ ಆ ಗಂಟನ್ನು ಬೇರೆ ಯಾರೂ ಕಟ್ಟುತ್ತಿರಲಿಲ್ಲ.

ವಾಪಸು ಬಂದವಳು ಇನ್ನೊಂದು ಕೆಲಸ ಮಾಡಿದಳು. ಶಾಲೆಯ ಮಕ್ಕಳಿಗೆ ತೋರಿಸಲೆಂದು ಗುಣಿಯ ಪಕ್ಕ ಕೋಲಿನ ಮೇಲೆ ನಿಲ್ಲಿಸುತ್ತಿದ್ದ ಕ್ಯಾಮೆರಾ ಪ್ರತಿ ಪ್ರವಾಸವನ್ನೂ ಚಿತ್ರೀಕರಿಸಿಡುತ್ತಿತ್ತು. ಬಾಗಿಲು ಹಾಕಿಕೊಂಡು ಕೂತು ಅದನ್ನೆಲ್ಲ ನೋಡಿದಳು. ಫಕೀರಪ್ಪ ಸಲಿಕೆ ಹಿಡಿದದ್ದು, ಪಟ್ಟಿ ಕಟ್ಟಿದ್ದು, ಜೇಬಿಗೆ ಕೈ ಹಾಕಿದ್ದು, ತಂಬಾಕು ತಿಕ್ಕಿ ಬಾಯಿಗೆಸೆದದ್ದು. ಅವನ ಬೆರಳುಗಳ ಮೇಲೆ ಚಿತ್ರ ನಿಲ್ಲಿಸಿ ದೊಡ್ಡದು ಮಾಡಿ ನೋಡಿದಳು. ಅಂಗೈಯಲ್ಲಿ ಮಣ್ಣಿನ ಕಣವೂ ಕಾಣಲಿಲ್ಲ. ಅಷ್ಟು ಜಾಣ ಎಂದುಕೊಂಡಳು.

ವಿಚಾರಣೆ ನಡೆದದ್ದು ನಿರ್ದೇಶಕ ಡಾ. ವಾಮನ ದೇಸಾಯಿಯವರ ಕೋಣೆಯಲ್ಲಿ. ದೇಸಾಯರು ಜಗಳವೆಂದರೆ ಗಾವುದ ದೂರ ಓಡುವ ಮನುಷ್ಯ. ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತಿದ್ದರು. ಪ್ರಶ್ನೆ ಕೇಳಿದ್ದೆಲ್ಲ ಇಂದುಮತಿಯೇ. ಪರದೆಯ ಮೇಲೆ ಚುಕ್ಕೆಗಳನ್ನು ಒಂದೊಂದಾಗಿ ತೋರಿಸಿದಳು, ಕೆಂಪು ಪಟ್ಟಿಯನ್ನು ತೋರಿಸಿದಳು. ಫಕೀರಪ್ಪ ಮೊದಲು ಗಾಬರಿಯಾದ. ಆಮೇಲೆ ಪರದೆಯನ್ನೇ ದಿಟ್ಟಿಸಿ ನೋಡುತ್ತ ಕೂತ.

“ಮೆಣಸಿನಕಾಯಿ ಅವರ, ಈ ಎಲ್ಲಾ ಜಾಗಾದಾಗ ಮಣ್ಣ ಮುಟ್ಟಿದವರು ಯಾರ್ಯಾರ್ರಿ? ನೀವ ಹೇಳ್ರಿ,” ಎಂದಳು.

ಅವನು ನಿಧಾನವಾಗಿ ತಲೆಯೆತ್ತಿ ಅವಳ ಮುಖ ನೋಡಿದ.

“ಅಲ್ಲೆ ನಾವಿಬ್ಬರ ಇರತಿದ್ವೆಲ್ರಿ, ಅಕ್ಕಾರ,” ಅಂದ.

ಅಷ್ಟೇ. ಆಮೇಲೆ ತಾನು ಮಾಡಿಲ್ಲ ಎಂದು ಒಂದು ಸಲ ಹೇಳಿದ, ಯಾರು ಮಾಡಿರಬಹುದು ಎಂದರೆ ಸುಮ್ಮನಾದ. ಇಂದುಮತಿ ‘ನಾವಿಬ್ಬರ’ ಎಂಬ ಆ ಮಾತನ್ನು ತಪ್ಪೊಪ್ಪಿಗೆ ಎಂದೇ ತಿಳಿದಳು. ಇಬ್ಬರಲ್ಲಿ ಒಬ್ಬಳು ಪ್ರಶ್ನೆ ಕೇಳುತ್ತಿದ್ದಾಳೆ, ಇನ್ನೊಬ್ಬ ಉತ್ತರ ಹೇಳುತ್ತಿಲ್ಲ. ಬೇರೆ ಏನು ತಿಳಿಯಬೇಕು? ಅವನನ್ನು ಕೆಲಸದಿಂದ ಅಮಾನತಿನಲ್ಲಿಟ್ಟರು. ಮುಂದಿನ ವಾರ ಬಹಿರಂಗ ಸಭೆ, ಅಲ್ಲಿ ತೀರ್ಮಾನ ಎಂದರು.

ಸುದ್ದಿ ಹೊರಗೆ ಹೋಗಲು ಎಷ್ಟು ಹೊತ್ತು? ಕೇಂದ್ರದ ಮನುಷ್ಯನೊಬ್ಬ ಬೇಕಂತಲೇ ಗುಡ್ಡಗಳಿಗೆ ವಿಷ ಹಾಕಿದ ಎಂದು ಊರೆಲ್ಲ ಆಡಿಕೊಂಡಿತು. ತೋಪಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದವರು ಎದ್ದು ಮರವನ್ನು ಮೇಲಿಂದ ಕೆಳಗೆ ನೋಡಿ ಬೇರೆ ಕಡೆ ಹೋಗಿ ನಿಂತರು. ಕೆಲವು ಓಣಿಗಳಲ್ಲಿ ತಾಯಂದಿರು ಮಕ್ಕಳನ್ನು ತೋಪಿಗೆ ಬಿಡುವುದನ್ನು ನಿಲ್ಲಿಸಿದರು. ಗಂಗವ್ವ ಕಾಯಿಪಲ್ಲೆಗೆ ಹೋದರೆ ಅಂಗಡಿಯವಳು ಅವಳನ್ನು ಬಿಟ್ಟು ಹಿಂದಿನವರಿಗೆ ತೂಗಿಕೊಡುತ್ತಿದ್ದಳಂತೆ. ಈ ಮಾತು ಕಿವಿಗೆ ಬಿದ್ದಾಗ ಇಂದುಮತಿಗೆ ಚುರುಕ್ಕೆಂದಿತು. ಆದರೆ ಆ ನೆಲಗುಬ್ಬಿ ನೆನಪಾಗಿ ಮತ್ತೆ ಮನಸ್ಸು ಗಟ್ಟಿ ಮಾಡಿಕೊಂಡಳು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಗಂಗವ್ವ ಇಂದುಮತಿಯ ಮನೆಗೆ ಬಂದಳು.

ಮನೆಯಲ್ಲಿ ಇಂದುಮತಿ ಮತ್ತು ಅವಳ ಸರೋಜಾ ವೈನಿ, ಅಂದರೆ ತೀರಿಹೋದ ಅಣ್ಣನ ಹೆಂಡತಿ, ಇಬ್ಬರೇ ಇದ್ದರು. ಇಂದುಮತಿಯ ಗಂಡನಿಗೆ ಸೊಲ್ಲಾಪುರದ ರೈಲ್ವೆಯಲ್ಲಿ ನೌಕರಿ. ವೈನಿ ಕುರ್ಚಿ ಎಳೆದು ಹಾಕಿದಳು. ಗಂಗವ್ವ ಕೂರಲಿಲ್ಲ. ಚೀಲದಿಂದ ಇಂದುಮತಿಯ ಸ್ಟೀಲಿನ ಬುತ್ತಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

“ಇದು ನಿಮ್ಮದು ನಮ್ಮ ಮನ್ಯಾಗ ಉಳದಿತ್ತರಿ. ಕೊಟ್ಟ ಹೋಗೂಣು ಅಂತ ಬಂದೆ.”

ಇಂದುಮತಿ ಡಬ್ಬಿ ಎತ್ತಿದಳು. ಖಾಲಿ. ಹನ್ನೊಂದು ವರ್ಷದಲ್ಲಿ ಎರಡೂ ಮನೆಗಳ ನಡುವೆ ಡಬ್ಬಿಗಳು ಎಷ್ಟೋ ಸಲ ಓಡಾಡಿದ್ದವು. ಒಂದು ಸಲವೂ ಬರಿದಾಗಿ ಬಂದಿರಲಿಲ್ಲ. ಶೇಂಗಾದ ಚಟ್ನಿಯೋ ಎರಡು ಉಂಡೆಯೋ ಕಡೆಗೆ ಒಂದು ತುಂಡು ಬೆಲ್ಲವೋ ಇರುತ್ತಿತ್ತು. ತೊಳೆದು ಒರೆಸಿದ ಖಾಲಿ ಡಬ್ಬಿ ಕೊಡುವುದೆಂದರೆ ಈ ಸೀಮೆಯಲ್ಲಿ ಮುಖಕ್ಕೆ ಉಗುಳುವುದಕ್ಕಿಂತ ದೊಡ್ಡ ಮಾತು.

“ಗಂಗವ್ವ, ನಾ ಏನ್ ಮಾಡ್ಲಿ? ಅವರ ಬಾಯಿ ಬಿಟ್ಟ ಹೇಳವಲ್ರು,” ಎಂದಳು ಇಂದುಮತಿ.

“ನಮ್ಮ ಮನ್ಯಾಗೂ ಹೇಳವಲ್ರು. ಹನ್ನೊಂದ ವರ್ಷ ಒಂದ ಬುತ್ತಿ ಉಂಡವರು ನೀವು. ಅವರು ಅಂಥಾವ್ರೇನು ಅಂತ ನಿಮಗ ನಾ ಹೇಳಬೇಕೇನ್ರಿ? ಹೇಳಂಗಿಲ್ಲ. ಬರ್ತೀನಿ.” ಅವಳು ಬಾಗಿಲ ಕಡೆ ತಿರುಗಿದಳು.

ವೈನಿ ಅಡ್ಡ ನಿಂತಳು. “ನಿಂದ್ರವಾ. ಸಿಟ್ಟು ಇದ್ದರ ಇರಲಿ, ಮುತ್ತೈದಿ ಹಂಗ ಹೋಗಬಾರದು. ಇಂದೂ, ಉಡಿ ತುಂಬು. ನಾ ತುಂಬಾಕ ಬರೂದಿಲ್ಲ.” ಗಂಡ ಸತ್ತವಳು ಉಡಿ ತುಂಬಬಾರದೆಂಬ ಕಟ್ಟಳೆಯನ್ನು ವೈನಿ ಇಷ್ಟು ಸಲೀಸಾಗಿ ಹೇಳುವುದು ಕೇಳಿದಾಗಲೆಲ್ಲ ಇಂದುಮತಿಗೆ ಮೈ ಉರಿಯುತ್ತಿತ್ತು. ಇವತ್ತು ವಾದಿಸುವ ತ್ರಾಣವಿರಲಿಲ್ಲ. ತಾಟಿನಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಒಂದು ಹಸಿರು ಖಣ ಇಟ್ಟುಕೊಂಡು ಬಂದಳು.

ಉಡಿ ಬೇಡ ಎನ್ನುವುದು ಅಪಶಕುನ. ಗಂಗವ್ವ ಹಲ್ಲು ಕಚ್ಚಿ ಸೆರಗೊಡ್ಡಿದಳು. ಇಂದುಮತಿ ಅವಳ ಮುಖ ನೋಡಲಾರದೆ ಕೈಯನ್ನೇ ನೋಡುತ್ತ ಬೊಗಸೆಯಿಂದ ಐದು ಸಲ ಅಕ್ಕಿ ಹಾಕಿದಳು. ಗಂಗವ್ವನ ಕಣ್ಣು ಗೋಡೆಯ ಮೇಲಿತ್ತು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆದರೂ ಅವಳ ಬಲಗೈ ತಾನಾಗಿ ಉಡಿಯೊಳಗೆ ಹೋಗಿ ಒಂದು ಹಿಡಿ ಅಕ್ಕಿ ತೆಗೆದು ತಾಟಿಗೆ ತಿರುಗಿ ಹಾಕಿತು. ಕೊಟ್ಟ ಮನೆ ಬರಿದಾಗಬಾರದು. ಖಾಲಿ ಡಬ್ಬಿ ಕೊಟ್ಟು ಅವಮಾನ ಮಾಡಲೆಂದೇ ಬಂದವಳ ಕೈ ಅದು. ಅವಳು ಹಾಕಬೇಕೆಂದು ಹಾಕಲಿಲ್ಲ, ಹಾಕಿದೆ ಎಂದು ಅವಳಿಗೆ ಗೊತ್ತೂ ಆಗಲಿಲ್ಲ.

ತಾಟು ಹಿಡಿದ ಇಂದುಮತಿ ನಿಂತಲ್ಲೇ ನಿಂತಳು. ಗಂಗವ್ವ ಯಾವಾಗ ಹೊಸ್ತಿಲು ದಾಟಿದಳೋ ಅವಳಿಗೆ ತಿಳಿಯಲಿಲ್ಲ.

“ಯಾಕ ಇಂದೂ, ಮಾರಿ ಹಿಂಗ್ಯಾಕ ಆತು?” ಎಂದು ವೈನಿ ಕೇಳುತ್ತಿದ್ದಂತೆಯೇ ಅವಳು ಚಪ್ಪಲಿ ಮೆಟ್ಟಿಕೊಂಡು ಕೇಂದ್ರಕ್ಕೆ ಓಡಿದಳು.

ನಿಯಂತ್ರಣ ಕೋಣೆಯಲ್ಲಿ ಮತ್ತೆ ಅದೇ ಚಿತ್ರಗಳು. ಇಷ್ಟು ದಿನ ಅವಳು ನೋಡಿದ್ದು ಫಕೀರಪ್ಪನ ಕೈಗಳನ್ನು. ಈಗ ತನ್ನ ಕೈಗಳನ್ನು ನೋಡಿದಳು. ಕುರಿಹಾಸದ ನೆತ್ತಿ. ಕನ್ನಡಕದ ಹೆಂಗಸೊಬ್ಬಳು ಮೊಣಕಾಲೂರಿ ಕೂತು ಚೀಲಕ್ಕೆ ಐದು ಹಿಡಿ ಮಣ್ಣು ತುಂಬಿಕೊಳ್ಳುತ್ತಾಳೆ. ಫಕೀರಪ್ಪ ಏನೋ ಹೇಳುತ್ತಾನೆ, ಅವಳು ಅವನ ಕಡೆ ತಿರುಗಿ ನಗುತ್ತಾಳೆ. ಆ ನಗುವಿನಲ್ಲೇ ಅವಳ ಬಲಗೈ ಪಕ್ಕದಲ್ಲಿದ್ದ ಬಟ್ಟಲಿನಿಂದ ಒಂದು ಹಿಡಿ ತೆಗೆದು ಗುಣಿಗೆ ಹಾಕಿ ಮೆಲ್ಲಗೆ ಅದುಮುತ್ತದೆ.

ಅದು ಹೋಲಿಕೆಯ ಬಟ್ಟಲು. ಹೊಸ ಜಾಗದ ಮಣ್ಣು ಎಷ್ಟು ಜೀವಂತವಾಗಿದೆ ಎಂದು ಅಳೆಯಲು ನಗರದ ತೋಪಿನ ಒಂದು ಬಟ್ಟಲು ಮಣ್ಣನ್ನು ಜೊತೆಗೆ ಒಯ್ಯುತ್ತಿದ್ದರು. ಅಳೆದ ಮೇಲೆ ಮುಚ್ಚಿ ವಾಪಸು ತಂದು ಹಬೆಯಲ್ಲಿ ಬೇಯಿಸಬೇಕು. ಹೇಗೂ ಬೇಯಿಸುವುದು ತಾನೇ ಎಂದು ವಾಪಸು ಬಂದದ್ದು ಎಷ್ಟೆಂದು ಯಾರೂ ನೋಡುತ್ತಿರಲಿಲ್ಲ. ಮೊದಲ ಮೂರು ವರ್ಷ ಆ ಬಟ್ಟಲಿನಲ್ಲಿದ್ದದ್ದು ಸಾದಾ ಮಣ್ಣು. ಆಗ ಅವಳು ಬೇಕೆಂದೇ ಒಂದು ಹಿಡಿ ತಿರುಗಿ ಹಾಕುತ್ತಿದ್ದಳು, ಕೊಟ್ಟ ನೆಲ ಬರಿದಾಗಬಾರದೆಂದು. ಎಲ್ಲರೂ ನಕ್ಕಿದ್ದರು, ಯಾರೂ ಬೇಡವೆಂದಿರಲಿಲ್ಲ. ನಾಲ್ಕನೆಯ ವರ್ಷ ಬಟ್ಟಲಿನೊಳಗೆ ದಾರ ಬಂತು. ನಿಯಮ ಬರೆದ ತಲೆಗೆ ಅದು ಗೊತ್ತಿತ್ತು. ಕೈಗೆ ಯಾರೂ ಹೇಳಿರಲಿಲ್ಲ.

ಅವಳು ನಡುಗಡ್ಡೆಯ ಚಿತ್ರ ನೋಡಿದಳು, ಘಟ್ಟದ್ದು ನೋಡಿದಳು. ಎಲ್ಲ ಕಡೆ ಅದೇ ಕೈ, ಅದೇ ಹಿಡಿ, ಅದೇ ಅಕ್ಕರೆಯ ಅದುಮು. ಗುಡ್ಡಕ್ಕೆ ಮಾಡಿದ್ದು ಒಂದು ಕಡೆ ಇರಲಿ, ಆ ಮನುಷ್ಯನಿಗೆ ಮಾಡಿದ್ದನ್ನು ಎಲ್ಲಿ ತೊಳೆಯುವುದು?

ಅವಳು ತಂದು ತೋರಿಸಿದ ಚಿತ್ರವನ್ನು ದೇಸಾಯರು ಎರಡು ಸಲ ನೋಡಿ ಪೇಪರ್‌ವೇಟಿಗೆ ಕೈ ಹಾಕಿದರು. “ಇಂದುಮತಿ ಬಾಯಿ, ಸ್ವಲ್ಪ ವಿಚಾರ ಮಾಡ್ರಿ. ಒಬ್ಬ ನೌಕರದಾರ ತಪ್ಪ ಮಾಡ್ಯಾನ ಅಂದ್ರ ಜನಾ ಮರೀತಾರ. ನಿಯಮ ಬರದ ವಿಜ್ಞಾನಿನ ತಪ್ಪ ಮಾಡ್ಯಾಳ ಅಂದ್ರ ಕೇಂದ್ರದ ಬಾಗಲಾ ಹಾಕತಾರ. ಊರಾಗಿನ ತೋಪಿಗೆಲ್ಲ ಕೊಡಲಿ ಬೀಳತದ. ಮೆಣಸಿನಕಾಯಿಗೆ ನಾವು ಆಮ್ಯಾಲೆ ಏನರೆ ದಾರಿ ಮಾಡಿ ಕೊಡೂಣು.”

“ಸರ್, ನೀವ ಈ ಮಾತ ಆಡಿದ್ದು ಎರಡನೇದವರಿಗೆ ಗೊತ್ತಾಗಬಾರದು, ನಿಮಗ ಮರ್ಯಾದಿ ಅಲ್ಲ,” ಎಂದಷ್ಟೇ ಹೇಳಿ ಅವಳು ಎದ್ದುಬಂದಳು. ದೇಸಾಯರು ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿತು.

ಮರುದಿನ ಸಭೆ ಕಿಕ್ಕಿರಿದಿತ್ತು. ಗಿರಣಿ ಚಾಳಿನವರು, ಪತ್ರಿಕೆಯವರು, ಗಿರಮಿಟ್ಟಿನ ಗಾಡಿಯವನು ಕೂಡ ಬಂದಿದ್ದ. ಫಕೀರಪ್ಪ ಕೊನೆಯ ಸಾಲಿನಲ್ಲಿ, ಅಕ್ಕಪಕ್ಕ ಖಾಲಿ ಕುರ್ಚಿಗಳ ನಡುವೆ ಕೂತಿದ್ದ. ಇಂದುಮತಿ ಮಾತು ಬೆಳೆಸಲಿಲ್ಲ. ಪರದೆಯ ಮೇಲೆ ತನ್ನ ಕೈಯ ಚಿತ್ರ ಹಾಕಿದಳು, ಮತ್ತೆ ಮತ್ತೆ ಹಾಕಿದಳು. “ಗುಡ್ಡ ಕೆಡಿಸಿದ್ದು ಈ ಕೈ. ಫಕೀರಪ್ಪ ಮೆಣಸಿನಕಾಯಿ ಅವರದು ಏನೂ ತಪ್ಪಿಲ್ಲ. ಅವರ ಮ್ಯಾಲೆ ಸಂಶಯ ಪಟ್ಟಾಕಿ ನಾನು,” ಎಂದಳು. ಸಭೆಯಲ್ಲಿ ಒಮ್ಮೆಗೇ ಗದ್ದಲ. ಯಾರೋ ಬೈದರು, ಯಾರೋ ನಕ್ಕರು. ಹೆಂಗಸರ ಸಾಲಿನಲ್ಲಿ ಮಾತ್ರ ಹಲವರು ತಮ್ಮ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಕೇಂದ್ರದ ಬಾಗಿಲು ಹಾಕಲಿಲ್ಲ. ಹೊಸ ತೋಪುಗಳನ್ನು ಮಾತ್ರ ನಿಲ್ಲಿಸಿದರು, ಇಂದುಮತಿಯ ಹುದ್ದೆ ಇಳಿಸಿದರು, ಚುಕ್ಕೆಗಳನ್ನೆಲ್ಲ ಅಗೆದು ಆ ಮಣ್ಣನ್ನು ಅಲ್ಲೇ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ಕೆಲಸವನ್ನು ಅವಳಿಗೇ ಹಚ್ಚಿದರು. ಫಕೀರಪ್ಪನನ್ನು ವಾಪಸು ಕರೆದರು. ಅವನು ಬರುವುದಕ್ಕೆ ಒಂದು ಷರತ್ತು ಹಾಕಿದ: ಅಗೆಯುವ ಪ್ರತಿ ಜಾಗದಲ್ಲಿ ತಾನಿರಬೇಕು, ಪತ್ತೆಯಂತ್ರ ತನ್ನ ಕೈಯಲ್ಲಿರಬೇಕು.

ಕುರಿಹಾಸಕ್ಕೆ ಅವನು ವ್ಯಾನಿನಲ್ಲಿ ಬರಲಿಲ್ಲ, ತನ್ನ ಮೋಟರ್‌ಸೈಕಲ್ಲಿನಲ್ಲಿ ಬಂದ. ಬೆಳಗಿನ ಬಿಸಿಲಿಗೆ ಗುಡ್ಡದ ಹುಲ್ಲು ಹೊಳೆಯುತ್ತಿತ್ತು. ಆಳುಗಳು ಮರಗಳನ್ನು ಉರುಳಿಸಿ ಬಾಯ್ಲರಿಗೆ ನೀರು ತುಂಬುತ್ತಿದ್ದರು. ಇಂದುಮತಿ ಗುದ್ದಲಿ ಹಿಡಿದು ನಿಂತಳು. ಅವನು ಯಂತ್ರವನ್ನು ಮಣ್ಣಿಗೆ ಊರಿ, “ಇಲ್ಲಿಂದ ಸುರು ಮಾಡ್ರಿ, ಮೇಡಂ,” ಎಂದ.

ಮೇಡಂ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಅವಳು ಗುದ್ದಲಿ ಕೆಳಗಿಟ್ಟಳು. “ಆವತ್ತ ವಿಚಾರಣಿಯೊಳಗ ನಿಮಗ ಗೊತ್ತಿತ್ತಲ್ರಿ?”

“ಅಲ್ಲೇ ಕುಂತಾಗ ಹೊಳೀತು. ಮೊದಲ ನನಗೂ ಹೊಳದಿದ್ದಿಲ್ಲ. ನೀವು ಹಂಗ ಮಾಡೂದು ದಿನಾ ನೋಡತಿದ್ದೆ. ಉಡಿ ತುಂಬಿಸಿಕೊಂಡಾಗ ನಮ್ಮವ್ವನೂ ಗಂಗವ್ವನೂ ಹಂಗ ಮಾಡತಿದ್ದರು. ಅದರಾಗ ನೋಡೂದೇನೈತಿ?”

“ಮತ್ತ ಯಾಕ ಹೇಳಲಿಲ್ಲ?”

“ನಿಮ್ಮ ಮಾರಿ ನೋಡಿದೆ. ನಾ ಹೇಳಿದ್ದರ, ತನ್ನ ಮ್ಯಾಲಿಂದ ನನ್ನ ಮ್ಯಾಲೆ ಹಾಕಾಕತ್ತಾನ ಅಂತಿದ್ರಿ. ಅಂತಿದ್ರೋ ಇಲ್ಲೋ?”

ಖಂಡಿತ ಅನ್ನುತ್ತಿದ್ದಳು. ಅಷ್ಟು ಜಾಣ ಎಂದೂ ಸೇರಿಸುತ್ತಿದ್ದಳು. “ತಪ್ಪಾತರಿ,” ಎಂದಳು. ಆ ಮಾತು ಗುಡ್ಡದ ಗಾಳಿಗೆ ತೀರಾ ಚಿಕ್ಕದಾಗಿ ಕೇಳಿಸಿತು.

ಅವನು ಯಂತ್ರವನ್ನು ಕಿತ್ತು ಒಂದು ಮಾರು ಆಚೆ ಊರಿದ. ಅವಳು ಬಗ್ಗಿ ಅಗೆಯತೊಡಗಿದಳು. ಮಣ್ಣಿನೊಳಗೆ ದಾರ ಬೆಳ್ಳಗೆ ಹೆಣೆದುಕೊಂಡಿತ್ತು, ಎಳೆದರೆ ಬರುತ್ತಿತ್ತು, ಮತ್ತೆ ಎಲ್ಲೋ ಮುಂದಕ್ಕೆ ಹೋಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಬೆನ್ನು ನೆಟ್ಟಗೆ ಮಾಡಲು ಎದ್ದಾಗ ಅವಳಿಗೆ ಕಂಡಿತು: ಫಕೀರಪ್ಪ ಯಂತ್ರದ ಮುಳ್ಳನ್ನು ನೋಡುತ್ತಿರಲಿಲ್ಲ. ಅವಳ ಕೈಗಳನ್ನು ನೋಡುತ್ತಿದ್ದ. ನೀರಿನ ಬಾಟಲಿಗೆ ಕೈ ಹಾಕಿದರೆ ಅವನ ಕಣ್ಣು ಬಾಟಲಿಗೆ, ಸೆರಗಿಗೆ ಕೈ ಹೋದರೆ ಸೆರಗಿಗೆ. ಬೆಲ್ಲದಚ್ಚಿನಂಥ ಆ ಮುಖದಲ್ಲಿ ಅಂಥ ನೋಟವನ್ನು ಅವಳು ಎಂದೂ ನೋಡಿರಲಿಲ್ಲ. ಅದರ ಕೆಳಗೆ ನಿಲ್ಲುವುದು ಎಷ್ಟು ಕಷ್ಟ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

“ಇನ್ನೂ ನನ್ನ ಮ್ಯಾಲೆ ಸಂಶಯ ಐತೇನ್ರಿ?” ಎಂದು ಕೇಳಿದಳು.

ಫಕೀರಪ್ಪ ಸುಳ್ಳು ಹೇಳುವ ಮನುಷ್ಯನಲ್ಲ.

“ನನಗ ಇದರ ರೂಢಿ ಇದ್ದಿಲ್ಲರಿ, ಮೇಡಂ. ನಿಮ್ಮ ಕಡೆನ ಕಲತೆ,” ಎಂದ. “ಬಿಡಬೇಕಂದ್ರ ಭಾಳ ದಿನಾ ಹಿಡೀತದ.”

ಇಂದುಮತಿ ಕಣ್ಣೊರೆಸಿಕೊಳ್ಳಲು ಕೈಯೆತ್ತಿದವಳು, ಅವನ ನೋಟ ಕೈಯ ಜೊತೆಗೇ ಮೇಲೇರಿದ್ದನ್ನು ಕಂಡು, ಹಾಗೇ ಇಳಿಸಿ ಮತ್ತೆ ಗುದ್ದಲಿ ಹಿಡಿದಳು.